ಲೆಕ್ಕ ಮಾಡುವ ತಲೆಗೆ ರಕ್ತ ಎಲ್ಲಿಂದ ಬರುತ್ತದೆ?



ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಎರಡು ಪ್ರಶ್ನೆಗಳು ತಪ್ಪದೆ ಬರುತ್ತವೆ. ಮಗುವನ್ನು ದಿನಕ್ಕೆ ಇನ್ನೆಷ್ಟು ಗಂಟೆ ಹೆಚ್ಚಿಗೆ ಓದಲು ಕೂರಿಸಬೇಕು ಎಂಬುದು ಒಂದು. ತಲೆಗೆ ರಕ್ತ ಚೆನ್ನಾಗಿ ಓಡುವ ಹಾಗೆ ಯಾವ ಟಾನಿಕ್ ಕುಡಿಸಬೇಕು ಎಂಬುದು ಇನ್ನೊಂದು. ಎರಡನ್ನೂ ಕೇಳುವವರು ಮಕ್ಕಳ ಮೇಲೆ ಪ್ರೀತಿ ಇದ್ದೇ ಕೇಳುತ್ತಾರೆ, ಅದರಲ್ಲಿ ಸಂಶಯವಿಲ್ಲ. ಆದರೆ ಎರಡು ಪ್ರಶ್ನೆಗಳ ಅಡಿಯಲ್ಲೂ ಒಂದೇ ಕಲ್ಪನೆ ಕೂತಿದೆ. ಮೆದುಳನ್ನು ಹೆಚ್ಚು ದುಡಿಸಿದಷ್ಟು ಅದು ಹೆಚ್ಚು ರಕ್ತ ಎಳೆದುಕೊಳ್ಳುತ್ತದೆ, ಹೆಚ್ಚು ರಕ್ತ ಸಿಕ್ಕಿದಷ್ಟು ಹೆಚ್ಚು ಬುದ್ಧಿ ಬರುತ್ತದೆ ಎಂಬ ಕಲ್ಪನೆ. ಜೀವಶಾಸ್ತ್ರ ಕಲಿಸುವವಳಾಗಿ ನಾನು ಇದನ್ನು ಒಪ್ಪಲಾರೆ. ಇದು ಬರಿಯ ಪಾಠಪುಸ್ತಕದ ತಕರಾರಾಗಿದ್ದರೆ ನಿಮ್ಮ ಸಮಯ ತೆಗೆದುಕೊಳ್ಳುತ್ತಿರಲಿಲ್ಲ. ಈ ಕಲ್ಪನೆಯಿಂದಾಗಿ ನಾವು ಮಾಡಬೇಕಾದ ಕೆಲಸ ಬಿಟ್ಟು ಮಾಡಬಾರದ ಕೆಲಸ ಮಾಡುತ್ತಿದ್ದೇವೆ, ಅದರ ಬೆಲೆಯನ್ನು ಮಕ್ಕಳು ಕೊಡುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಮೆದುಳಿನ ನೀರಾವರಿಯನ್ನು ಸ್ವಲ್ಪ ನೋಡೋಣ. ದೊಡ್ಡವರ ಮೆದುಳಿನ ತೂಕ ಸುಮಾರು 1.3ರಿಂದ 1.4 ಕಿಲೋ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು. ಆದರೆ ಹೃದಯ ಹೊರಹಾಕುವ ರಕ್ತದಲ್ಲಿ ನೂರಕ್ಕೆ ಸುಮಾರು 15 ಪಾಲು, ದೇಹ ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 20 ಪಾಲು ಅದಕ್ಕೇ ಬೇಕು. ನಿಮಿಷಕ್ಕೆ ಮುಕ್ಕಾಲು ಲೀಟರಿನಷ್ಟು ರಕ್ತ ಅದರೊಳಗೆ ಹರಿಯುತ್ತದೆ. ಈ ರಕ್ತ ನಾಲ್ಕು ಅಪಧಮನಿಗಳ ಮೂಲಕ ಮೇಲೇರುತ್ತದೆ. ಕುತ್ತಿಗೆಯ ಮುಂಭಾಗದಲ್ಲಿ ಬೆರಳಿಟ್ಟರೆ ಬಡಿತ ಸಿಗುವ ಎರಡು, ಕುತ್ತಿಗೆಯ ಮೂಳೆಗಳ ತೂತುಗಳ ಮೂಲಕ ಹಿಂದಿನಿಂದ ಏರುವ ಎರಡು. ಮೆದುಳಿನ ತಳದಲ್ಲಿ ಇವುಗಳ ಕವಲುಗಳು ಬಳೆಯ ಹಾಗೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. 1664ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ತನ್ನ ಗ್ರಂಥದಲ್ಲಿ ಈ ಬಳೆಯನ್ನು ವಿವರಿಸಿದ್ದರಿಂದ ಅದಕ್ಕೆ ಇಂದಿಗೂ ಅವನದೇ ಹೆಸರು. ಇಷ್ಟು ಏರ್ಪಾಡು ಏಕೆಂದರೆ ಮೆದುಳಿಗೆ ಕೂಡಿಡುವ ಅಭ್ಯಾಸ ಇಲ್ಲ. ಸ್ನಾಯುವಿನಲ್ಲಿ, ಪಿತ್ತಜನಕಾಂಗದಲ್ಲಿ ಇರುವಂತಹ ದಾಸ್ತಾನು ಅಲ್ಲಿಲ್ಲ. ರಕ್ತ ಪೂರ್ತಿ ನಿಂತರೆ ಹತ್ತು ಸೆಕೆಂಡಿನೊಳಗೆ ಎಚ್ಚರ ತಪ್ಪುತ್ತದೆ.

ಆಲೋಚನೆಗೂ ರಕ್ತಕ್ಕೂ ಸಂಬಂಧ ಇದೆ ಎಂಬುದನ್ನು ಕಣ್ಣಾರೆ ಕಂಡವರಲ್ಲಿ ಮೊದಲಿಗ ಇಟಲಿಯ ಟ್ಯೂರಿನ್ ನಗರದ ಶರೀರಶಾಸ್ತ್ರಜ್ಞ ಆಂಜೆಲೊ ಮೊಸ್ಸೊ. ಅವನ ಬಳಿಗೆ ಬೆರ್ತಿನೊ ಎಂಬ ರೈತ ಬಂದಿದ್ದ. ಎತ್ತರದಿಂದ ಇಟ್ಟಿಗೆ ಬಿದ್ದು ಅವನ ತಲೆಬುರುಡೆಯಲ್ಲಿ ತೂತಾಗಿತ್ತು. ಆ ತೂತಿನ ಮೇಲೆ ಒಂದು ಉಪಕರಣ ಇಟ್ಟು ಮೊಸ್ಸೊ ಒಳಗಿನ ಮೆದುಳಿನ ಬಡಿತವನ್ನು ಕಾಗದದ ಮೇಲೆ ಗೀಚಿಸುತ್ತಿದ್ದ. ಮಧ್ಯಾಹ್ನ ಇಗರ್ಜಿಯ ಗಂಟೆ ಹೊಡೆದಾಗ ಗೀಟು ಒಮ್ಮೆಲೆ ಎತ್ತರಕ್ಕೆ ನೆಗೆಯಿತು. ಗಂಟೆ ಕೇಳಿ ಪ್ರಾರ್ಥನೆ ನೆನಪಾಯಿತೇ ಎಂದು ಕೇಳಿದರೆ ಬೆರ್ತಿನೊ ಹೌದೆಂದ, ಗೀಟು ಮತ್ತೆ ಏರಿತು. ಎಂಟನ್ನು ಹನ್ನೆರಡರಿಂದ ಗುಣಿಸು ಎಂದಾಗಲೂ ಹಾಗೇ ಆಯಿತು. ಇದೆಲ್ಲ 1881ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿದೆ. ಮನುಷ್ಯನನ್ನು ಹಲಗೆಯ ಮೇಲೆ ಮಲಗಿಸಿ, ತಕ್ಕಡಿಯ ಹಾಗೆ ಸಮತೂಗಿಸಿ, ಯೋಚಿಸತೊಡಗಿದರೆ ತಲೆಯ ಕಡೆ ಕೆಳಗೆ ವಾಲುತ್ತದೆಯೇ ಎಂದೂ ಅವನು ನೋಡಿದ. ಉಸಿರಾಟ, ಕೈಕಾಲಿನ ರಕ್ತದ ಏರಿಳಿತ ಎಲ್ಲವೂ ಸೇರಿ ಆ ತಕ್ಕಡಿಯನ್ನು ಅಲುಗಿಸುವುದರಿಂದ ಅದನ್ನು ಪೂರ್ತಿ ನಂಬಲಾಗದು. ಆದರೂ ಮಗ್ಗಿ ಹೇಳುವಾಗ ಮೆದುಳಿನಲ್ಲಿ ರಕ್ತ ಏನೋ ಮಾಡುತ್ತದೆ ಎಂಬುದು ಬೆರ್ತಿನೊನಿಂದ ಖಚಿತವಾಯಿತು.

ಮುಂದಿನ ಕತೆ ಅಮೆರಿಕದ್ದು, ಇನ್ನೂ ವಿಚಿತ್ರವಾದದ್ದು. ಒಬ್ಬ ತರುಣನ ತಲೆಯ ಹಿಂಭಾಗದಲ್ಲಿ, ದೃಷ್ಟಿಗೆ ಸಂಬಂಧಿಸಿದ ಜಾಗದಲ್ಲಿ, ರಕ್ತನಾಳಗಳು ಹುಟ್ಟಿನಿಂದಲೇ ಗಂಟುಗಂಟಾಗಿದ್ದವು. ಅವುಗಳ ಮೂಲಕ ರಕ್ತ ನುಗ್ಗುವ ಸದ್ದು ಅವನಿಗೇ ಕೇಳಿಸುತ್ತಿತ್ತು. ತಲೆಗೆ ಸ್ಟೆತೊಸ್ಕೋಪ್ ಇಟ್ಟರೆ ವೈದ್ಯರಿಗೂ ಕೇಳಿಸುತ್ತಿತ್ತು. ಕಣ್ಣು ಬಳಸಿದಾಗ ಸದ್ದು ಜೋರಾಗುತ್ತದೆ ಎಂದು ಆತ ಹೇಳಿದ. ಜಾನ್ ಫುಲ್ಟನ್ ಎಂಬ ವೈದ್ಯ ಅದನ್ನು ಪರೀಕ್ಷಿಸಿ 1928ರಲ್ಲಿ ಪ್ರಕಟಿಸಿದ. ಕತ್ತಲೆಯಲ್ಲಿ ಸುಮ್ಮನೆ ಕೂತಿದ್ದು ಆಮೇಲೆ ಓದತೊಡಗಿದರೆ ಸದ್ದು ಬೇಗನೆ ಏರುತ್ತಿತ್ತು. ಹೊಗೆಸೊಪ್ಪು ಮೂಸಿದರೆ ಏನೂ ಇಲ್ಲ, ದೂರದ ಗಡಿಯಾರದ ಟಿಕ್ ಟಿಕ್ಕಿಗೆ ಕಿವಿಗೊಟ್ಟರೂ ಏನೂ ಇಲ್ಲ. ಕಣ್ಣಿನ ಕೆಲಸಕ್ಕೆ ಮಾತ್ರ ಆ ಜಾಗದ ರಕ್ತ ಓಗೊಡುತ್ತಿತ್ತು. ಈ ವಿವರವನ್ನು ನೀವು ನೆನಪಿನಲ್ಲಿಡಬೇಕು, ಮುಂದಿನ ಮಾತಿಗೆಲ್ಲ ಇದೇ ಬೀಗದಕೈ.

ಏಕೆಂದರೆ 1955ರಲ್ಲಿ ಲೂಯಿ ಸೊಕೊಲೋಫ್ ಮತ್ತು ಅವನ ಸಂಗಡಿಗರು ಇಡೀ ಮೆದುಳಿಗೆ ಹೋಗುವ ರಕ್ತವನ್ನೇ ಅಳೆದರು. ಸುಮ್ಮನೆ ಮಲಗಿದ್ದಾಗ ಎಷ್ಟು, ಮನಸ್ಸಿನಲ್ಲೇ ಲೆಕ್ಕ ಮಾಡುವಾಗ ಎಷ್ಟು ಎಂದು ಹೋಲಿಸಿದರು. ವ್ಯತ್ಯಾಸವೇ ಕಾಣಲಿಲ್ಲ! ಒಟ್ಟು ರಕ್ತವೂ ಅಷ್ಟೆ, ಆಮ್ಲಜನಕದ ಖರ್ಚೂ ಅಷ್ಟೆ. ಹಾಗಾದರೆ ಮೊಸ್ಸೊ ಸುಳ್ಳೇ, ಫುಲ್ಟನ್ ಸುಳ್ಳೇ? ಇಲ್ಲ.

ನಮ್ಮ ಕಾಸರಗೋಡಿನ ಕಡೆಯ ಹೆತ್ತವರಿಗೆ ಇದನ್ನು ವಿವರಿಸುವುದು ಬಹಳ ಸುಲಭ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ಬರುವ ನೀರು ಇಷ್ಟೇ ಎಂದು ಗೊತ್ತಿದೆ. ಅದನ್ನು ಕೆರೆಯಲ್ಲಿ ಕಟ್ಟಿ, ಕಣಿಯಲ್ಲಿ ಬಿಟ್ಟು, ಇವತ್ತು ಯಾವ ಸಾಲಿನ ಅಡಕೆಮರಕ್ಕೆ ಬೇಕೋ ಆ ಸಾಲಿನ ಬಾಯಿ ಬಿಡಿಸಿ, ಬೇಡದ ಸಾಲಿಗೆ ಒಂದು ಹೆಂಟೆ ಮಣ್ಣು ಇಡುತ್ತೇವೆ. ಸುರಂಗದ ನೀರು ಹೆಚ್ಚಾಗಲಿಲ್ಲ. ಆದರೂ ಬೇಕಾದ ಮರಕ್ಕೆ ನೀರು ಹೆಚ್ಚು ಸಿಕ್ಕಿತು. ಆದೋನಿ, ರಾಯದುರ್ಗದ ಕಡೆಯವರು ಕಾಲುವೆಯ ತೂಬು ಎಂದು ತಿಳಿದುಕೊಂಡರೆ ಸಾಕು. ಮೆದುಳಿನಲ್ಲಿ ನಡೆಯುವುದು ಬಹುಮಟ್ಟಿಗೆ ಇದೇ. ಓದುವಾಗ ಹಿಂಬದಿಯ ದೃಷ್ಟಿಯ ಜಾಗಕ್ಕೂ ಎಡಬದಿಯ ಭಾಷೆಯ ಜಾಗಗಳಿಗೂ, ಕಷ್ಟದ ಲೆಕ್ಕ ಮಾಡುವಾಗ ಹಣೆಯ ಹಿಂದಿನ ಭಾಗಕ್ಕೂ ನಡುನೆತ್ತಿಯ ಪಕ್ಕದ ಭಾಗಕ್ಕೂ ರಕ್ತ ಹೆಚ್ಚು ಹರಿಯುತ್ತದೆ. ಇಡೀ ಮೆದುಳಿನ ಲೆಕ್ಕದಲ್ಲಿ ಅದು ಎದ್ದು ಕಾಣುವಷ್ಟು ದೊಡ್ಡದಲ್ಲ. ಮಗು ಸುಮ್ಮನೆ ಕಿಟಕಿಯಾಚೆ ನೋಡುತ್ತ ಕೂತಿದ್ದಾಗಲೂ ಮೆದುಳು ಅಷ್ಟೇ ಉಣ್ಣುತ್ತಿರುತ್ತದೆ ಎಂಬುದನ್ನು ಕೆಲವು ತಂದೆಯರು ನಂಬುವುದೇ ಇಲ್ಲ.

ಈ ಹೆಂಟೆ ಎತ್ತುವವರು ಯಾರು? 1890ರಲ್ಲೇ ಕೇಂಬ್ರಿಜ್ಜಿನ ರಾಯ್ ಮತ್ತು ಶೆರಿಂಗ್ಟನ್ ಅದನ್ನು ಊಹಿಸಿದ್ದರು. ಕೆಲಸ ಮಾಡುವ ಜಾಗವೇ ತನಗೆ ಬೇಕಾದ ರಕ್ತವನ್ನು ಕರೆದುಕೊಳ್ಳುತ್ತದೆ ಎಂದಿದ್ದರು. ಇಂದು ನಮಗೆ ತಿಳಿದಂತೆ ನರಕೋಶ ದುಡಿಯತೊಡಗಿದೊಡನೆ ಅದರಿಂದಲೂ ಅದರ ನೆರೆಯಲ್ಲಿರುವ ನಕ್ಷತ್ರದ ಆಕಾರದ ಪೋಷಕ ಕೋಶಗಳಿಂದಲೂ ನೈಟ್ರಿಕ್ ಆಕ್ಸೈಡ್, ಪೊಟ್ಯಾಸಿಯಂ ಮುಂತಾದ ರಾಸಾಯನಿಕ ಸಂದೇಶಗಳು ಹೊರಡುತ್ತವೆ. ಹತ್ತಿರದ ಕಿರಿಯ ಅಪಧಮನಿಯ ಸುತ್ತಲಿನ ಸ್ನಾಯು ಸಡಿಲವಾಗುತ್ತದೆ, ನಾಳ ಹಿಗ್ಗುತ್ತದೆ. ಒಂದೆರಡು ಸೆಕೆಂಡಿನಲ್ಲಿ ಹರಿವು ಏರತೊಡಗಿ ಐದಾರು ಸೆಕೆಂಡಿನಲ್ಲಿ ತುದಿ ಮುಟ್ಟುತ್ತದೆ. ಹಿಗ್ಗುವುದು ಬಹಳ ಬೇಕಾಗಿಲ್ಲ. ನಾಳದಲ್ಲಿನ ಹರಿವು ಅದರ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣ ಎಂದು ಭೌತಶಾಸ್ತ್ರ ಹೇಳುತ್ತದೆ. ತ್ರಿಜ್ಯ ನೂರಕ್ಕೆ 5ರಷ್ಟು ಹೆಚ್ಚಾದರೆ ಹರಿವು ನೂರಕ್ಕೆ 21ರಷ್ಟು ಹೆಚ್ಚುತ್ತದೆ. ಮಕ್ಕಳಿಂದ 1.05ನ್ನು ನಾಲ್ಕು ಸಲ ಗುಣಿಸಿಸಿ ನೋಡಿ, ಅವರಿಗೂ ಖುಷಿಯಾದೀತು.

ಇನ್ನೊಂದು ಅಚ್ಚರಿ ಇದೆ. 1980ರ ದಶಕದ ಕೊನೆಯಲ್ಲಿ ಫಾಕ್ಸ್ ಮತ್ತು ರೈಕ್ಲ್ ಎಂಬ ಅಮೆರಿಕದ ವಿಜ್ಞಾನಿಗಳು ದೃಷ್ಟಿಯ ಜಾಗದಲ್ಲಿ ಅಳೆದಾಗ ರಕ್ತದ ಹರಿವು ನೂರಕ್ಕೆ 50ರಷ್ಟು ಹೆಚ್ಚಿತ್ತು, ಆಮ್ಲಜನಕದ ಬಳಕೆ ಹೆಚ್ಚಿದ್ದು ನೂರಕ್ಕೆ 5ರಷ್ಟು ಮಾತ್ರ. ಅಂದರೆ ನಾಲ್ಕು ಜನರ ಊಟಕ್ಕೆ ಹತ್ತು ಎಲೆ ಹಾಕಿದ ಹಾಗೆ. ಬಳಸದೆ ಉಳಿದ ಈ ಆಮ್ಲಜನಕದ ಜಾಡನ್ನೇ ಹಿಡಿದು ಜಪಾನಿನ ಸೆಯಿಜಿ ಒಗಾವ 1990ರಲ್ಲಿ ತೋರಿಸಿಕೊಟ್ಟ ವಿಧಾನದಿಂದಲೇ ಇಂದು ಎಂ.ಆರ್.ಐ. ಯಂತ್ರದಲ್ಲಿ ದುಡಿಯುವ ಮೆದುಳಿನ ಬಣ್ಣಬಣ್ಣದ ಚಿತ್ರಗಳು ಸಿಗುತ್ತವೆ. ಆರೋಗ್ಯವಂತ ಮಗುವಿನ ದುಡಿಯುವ ಮೆದುಳಿಗೆ ರಕ್ತದ ಕೊರತೆ ಇಲ್ಲ, ಬೇಕಾದ್ದಕ್ಕಿಂತ ಧಾರಾಳವಾಗಿ ಅದು ತಾನೇ ಬಡಿಸಿಕೊಳ್ಳುತ್ತದೆ ಎಂಬುದು ಇದರಿಂದ ಸ್ಪಷ್ಟ. ಇಂತಹ ಮಗುವಿಗೆ ರಕ್ತನಾಳ ಹಿಗ್ಗಿಸುವ ಟಾನಿಕ್ ಏತಕ್ಕೆ? ಒಂದೆಲಗದ ತಂಬುಳಿ ಮಾಡಿ ಉಣ್ಣಿ, ನಮ್ಮ ಕಡೆ ತಿಮರೆ ಎನ್ನುತ್ತೇವೆ, ಬೇಸಿಗೆಗೆ ಬಹಳ ಹಿತ, ನಾನೂ ಉಣ್ಣುತ್ತೇನೆ. ಆದರೆ ಅದನ್ನುಂಡು ತ್ರಿಕೋನಮಿತಿ ಬರಲಿ ಎಂದು ಕಾಯಬೇಡಿ.

ಬಣ್ಣದ ಚಿತ್ರಗಳ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಹೆಚ್ಚು ಕೆಂಪಾಗಿ ಕಂಡ ಮೆದುಳು ಹೆಚ್ಚು ಬುದ್ಧಿಯ ಮೆದುಳು ಎಂದು ಜಾಹೀರಾತುಗಳು ನಮ್ಮನ್ನು ನಂಬಿಸುತ್ತವೆ. 1992ರಲ್ಲಿ ರಿಚರ್ಡ್ ಹೇಯರ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಇಟ್ಟಿಗೆ ಜೋಡಿಸುವ ಟೆಟ್ರಿಸ್ ಆಟವನ್ನು ಕೆಲವು ವಾರ ಆಡಿಸಿ, ಮೊದಲೂ ಆಮೇಲೂ ಮೆದುಳಿನ ಗ್ಲೂಕೋಸ್ ಖರ್ಚನ್ನು ಅಳೆದರು. ಅಭ್ಯಾಸವಾದ ಮೇಲೆ ಆಟ ಹಲವು ಪಟ್ಟು ಸುಧಾರಿಸಿತ್ತು, ಖರ್ಚು ಮಾತ್ರ ಇಳಿದಿತ್ತು. ಹೊಸದಾಗಿ ಸೈಕಲ್ ಕಲಿಯುವವನ ಮೈಯೆಲ್ಲ ಬಿಗಿದಿರುತ್ತದೆ, ಕಲಿತವನು ಹಾಡಿಕೊಂಡು ಹೋಗುತ್ತಾನಲ್ಲವೇ, ಹಾಗೆ.

ಭಾಷೆಯ ವಿಷಯದಲ್ಲೂ ಇಂತಹದೇ ಕಂಡುಬಂದಿದೆ. ಎರಡು ಭಾಷೆ ಬಲ್ಲವರು ಚೆನ್ನಾಗಿ ಪಳಗಿದ ಭಾಷೆಯಲ್ಲಿ ಓದುವಾಗಲೂ ಅರೆಬರೆ ಬರುವ ಭಾಷೆಯಲ್ಲಿ ಓದುವಾಗಲೂ ತೆಗೆದ ಚಿತ್ರಗಳನ್ನು ಹೋಲಿಸಿದರೆ, ಅರೆಬರೆ ಭಾಷೆಗೆ ಹಣೆಯ ಹಿಂದಿನ ಜಾಗ ಹೆಚ್ಚು ಶ್ರಮಪಡುವುದು ಸಾಮಾನ್ಯ. ಕಲಿತ ಹಾಗೆ ಆ ಅಂತರ ಕಡಿಮೆಯಾಗುತ್ತದೆ. ಇದರಿಂದ ಇನ್ನೊಂದು ಭಾಷೆ ಕಲಿಯಬಾರದು ಎಂದಾಗುವುದಿಲ್ಲ. ನಮ್ಮ ಗಡಿನಾಡಿನ ಮಕ್ಕಳು ನಾಲ್ಕು ಭಾಷೆಯಲ್ಲಿ ಜಗಳವಾಡಬಲ್ಲರು, ಅದು ಅವರ ಆಸ್ತಿ. ಆದರೆ ಹಣೆಯ ಹಿಂದಿನ ಅದೇ ಜಾಗ ಲೆಕ್ಕದ ಮೆಟ್ಟಿಲುಗಳನ್ನು ನೆನಪಿನಲ್ಲಿ ಹಿಡಿದಿಡಬೇಕು. ಪ್ರಶ್ನೆಯ ಮಾತು ಬಿಡಿಸುವುದಕ್ಕೇ ಅದು ವ್ಯಯವಾದರೆ ಲೆಕ್ಕಕ್ಕೆ ಉಳಿಯುವುದು ಕಡಿಮೆ. ಆದ್ದರಿಂದ ಕನ್ನಡದಲ್ಲಿ ಲೆಕ್ಕ ಕಲಿಯುವ ಮಗುವಿಗೆ, ನಿನ್ನ ಮೆದುಳಿಗೆ ಸಾಲದು, ಪಕ್ಕದ ಮನೆಯ ಹುಡುಗ ಇಂಗ್ಲಿಷಿನಲ್ಲಿ ಮಾಡುತ್ತಾನೆ ಎಂದು ಹಂಗಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಷ್ಟು ಹೇಳಿ ಈ ವಿಷಯ ಬಿಡುತ್ತೇನೆ.

ನಾನು ಹೆಚ್ಚು ಹೇಳಬೇಕೆಂದಿರುವುದು ಹೆದರಿಕೆಯ ಬಗ್ಗೆ. ಲೆಕ್ಕ ಮಾಡುವಾಗ ಮೆದುಳಿನ ಒಟ್ಟು ರಕ್ತ ಬದಲಾಗದಿದ್ದರೂ ಉಳಿದ ದೇಹದಲ್ಲಿ ಬದಲಾವಣೆ ಆಗುತ್ತದೆ. ಹೃದಯದ ಬಡಿತ ಹೆಚ್ಚುತ್ತದೆ, ರಕ್ತದ ಒತ್ತಡ ಏರುತ್ತದೆ, ತೋಳಿನ ಸ್ನಾಯುಗಳ ನಾಳಗಳು ಹಿಗ್ಗುತ್ತವೆ, ಬೆರಳಿನ ಚರ್ಮದ ನಾಳಗಳು ಬಿಗಿಯುತ್ತವೆ. ಓಡುವುದಕ್ಕೋ ಹೊಡೆದಾಡುವುದಕ್ಕೋ ದೇಹ ಸಿದ್ಧವಾಗುವ ಕ್ರಮ ಇದು, ಎದುರಿಗೆ ಹುಲಿ ಇಲ್ಲದೆ ಬರಿಯ ಭಾಗಾಕಾರ ಇದ್ದರೂ. ಪರೀಕ್ಷೆಯ ಕೊಠಡಿಯಲ್ಲಿ ಹಾಲ್ ಟಿಕೆಟ್ ನೋಡುವಾಗ ಮಕ್ಕಳ ಕೈ ತಾಗಿದರೆ ಎಷ್ಟೋ ಕೈಗಳು ಮಂಜುಗಡ್ಡೆಯ ಹಾಗಿರುತ್ತವೆ.

ನೀವೇ ಮನೆಯಲ್ಲಿ ಪರೀಕ್ಷಿಸಬಹುದು, ಖರ್ಚಿಲ್ಲ. ಮಗುವಿನ ಮಣಿಕಟ್ಟಿನ ನಾಡಿಯನ್ನು ಅರ್ಧ ನಿಮಿಷ ಎಣಿಸಿ ಬರೆದಿಟ್ಟುಕೊಳ್ಳಿ. ಆಮೇಲೆ 300ರಿಂದ ಏಳೇಳು ಕಳೆಯುತ್ತ ಬಾಯಿಬಿಟ್ಟು ಹೇಳಲು ಹೇಳಿ, ಸಮಯ ಮಿತಿ ಹಾಕಬೇಡಿ, ನಡುವೆ ಮಾತಾಡಬೇಡಿ, ಆಗ ನಾಡಿ ಎಣಿಸಿ. ಸ್ವಲ್ಪ ವಿಶ್ರಾಂತಿಯ ಬಳಿಕ 400ರಿಂದ ಅದನ್ನೇ ಮಾಡಿಸಿ, ಈ ಸಲ ಬೇಗ, ಬೇಗ, ತಪ್ಪು, ಮೊದಲಿನಿಂದ ಎಂದು ಗದರಿಸುತ್ತ ಎಣಿಸಿ. ಎರಡು ಸಂಖ್ಯೆಗಳನ್ನು ಪಕ್ಕದಲ್ಲಿಟ್ಟು ನೋಡಿ. ಲೆಕ್ಕ ಒಂದೇ ಬಗೆಯದು, ಹೆಚ್ಚಾದದ್ದು ನಿಮ್ಮ ದನಿ. ರಕ್ತದೊತ್ತಡ ಇರುವ ತಂದೆಯರು ಇದೇ ಪರೀಕ್ಷೆಯನ್ನು ತಮ್ಮ ಮೇಲೆ ಮಾಡಿಕೊಳ್ಳುವ ಸಾಹಸಕ್ಕೆ ಹೋಗದಿರುವುದು ಒಳ್ಳೆಯದು, ಅಡಕೆಯ ಧಾರಣೆ ನೋಡುವಾಗ ಆಗುವುದೇ ಸಾಕು.

ಹೊರಗಿನ ಒತ್ತಡ ಏರಿದ ಮಾತ್ರಕ್ಕೆ ಮೆದುಳಿನಲ್ಲಿ ನೆರೆ ಬರುವುದಿಲ್ಲ. ಒತ್ತಡ ಏರಿದರೆ ಮೆದುಳಿನ ಅಪಧಮನಿಗಳು ಬಿಗಿದುಕೊಂಡು, ಇಳಿದರೆ ಸಡಿಲಗೊಂಡು ಹರಿವನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹಿಡಿದಿಡುತ್ತವೆ. ಓದಿ ಓದಿ ತಲೆಗೆ ರಕ್ತ ಏರಿತು ಎಂಬ ಮಾತಿಗೆ ಇಲ್ಲಿ ಆಧಾರವಿಲ್ಲ. ಆದರೆ ಈ ಅಪಧಮನಿಗಳು ಒಂದಕ್ಕೆ ಮಾತ್ರ ಬಹಳ ಬೇಗ ಮಣಿಯುತ್ತವೆ, ಅದು ರಕ್ತದಲ್ಲಿರುವ ಇಂಗಾಲದ ಡೈ ಆಕ್ಸೈಡ್. ನಾವು ಉಸಿರಿನಲ್ಲಿ ಹೊರಗೆ ಬಿಡುವ ಅನಿಲ ಬರಿಯ ಕಸವೆಂದು ಮಕ್ಕಳು ತಿಳಿದಿದ್ದಾರೆ. ಮೆದುಳಿನ ನಾಳಗಳು ತೆರೆದಿರಬೇಕಾದರೆ ಅದು ಒಂದು ಮಟ್ಟದಲ್ಲಿ ರಕ್ತದಲ್ಲಿ ಇರಲೇಬೇಕು. ಹೆದರಿದ ಮಗು ಗೊತ್ತಿಲ್ಲದೆಯೇ ಬೇಗಬೇಗ ಉಸಿರಾಡುತ್ತದೆ. ಆಗ ಈ ಅನಿಲ ಹೆಚ್ಚಾಗಿ ಹೊರಗೆ ಹೋಗಿ ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಪಾದರಸದ ಒಂದು ಮಿಲಿಮೀಟರಿನಷ್ಟು ಇಳಿದರೆ ಮೆದುಳಿನ ಹರಿವು ನೂರಕ್ಕೆ ಸುಮಾರು 3ರಷ್ಟು ಕಡಿಮೆಯಾಗುತ್ತದೆ. ಸಾಮಾನ್ಯ ಮಟ್ಟ 40 ಮಿಲಿಮೀಟರ್. ಅದು 30ಕ್ಕೆ ಬಂದರೆ ಹರಿವಿನ ಕಾಲುಭಾಗಕ್ಕಿಂತ ಹೆಚ್ಚು ಹೋಯಿತೆಂದೇ ಲೆಕ್ಕ. ತಲೆ ತಿರುಗುವುದು, ಬೆರಳ ತುದಿ, ತುಟಿ ಜುಮುಜುಮು ಎನ್ನುವುದು, ಅಕ್ಷರಗಳು ದೂರ ಹೋದಂತೆ ಕಾಣುವುದು, ಓದಿದ್ದೆಲ್ಲ ಮರೆತುಹೋಯಿತು ಟೀಚರ್ ಎಂದು ಅಳುವುದು. ಆ ಮಗು ಸೋಮಾರಿಯಾಗಿರಲಿಲ್ಲ. ಹಿಂದಿನ ರಾತ್ರಿ ಒಂದು ಗಂಟೆಯವರೆಗೆ ಕೂತು ಓದಿತ್ತು. ರಕ್ತ ಹೆಚ್ಚಲಿ ಎಂದು ಬೈದು ಕೂರಿಸಿದ್ದರ ಫಲವಾಗಿ, ಬೇಕಾದ ಹೊತ್ತಿಗೆ ರಕ್ತ ಕಡಿಮೆಯಾಯಿತು.

ಇಂತಹ ಮಗುವಿಗೆ ಜೋರಾಗಿ ಉಸಿರು ಎಳೆದುಕೋ ಎಂದು ಹೇಳುವುದು ರೂಢಿ. ಅದರಿಂದ ಅನಿಲ ಇನ್ನಷ್ಟು ಹೊರಗೆ ಹೋಗುತ್ತದೆ. ಉಸಿರನ್ನು ನಿಧಾನವಾಗಿ ಹೊರಗೆ ಬಿಡು, ಐದು ಎಣಿಸುವಷ್ಟು ಹೊತ್ತು ಬಿಡು ಎಂದು ಹೇಳಬೇಕು. ಎರಡು ಮೂರು ನಿಮಿಷದಲ್ಲಿ ಮುಖ ತಿಳಿಯಾಗುತ್ತದೆ. ಕೇರಳದ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಉತ್ತರ ಬರೆಯುವ ಮೊದಲು ಪ್ರಶ್ನೆಪತ್ರಿಕೆ ಓದಿಕೊಳ್ಳಲು 15 ನಿಮಿಷದ ಸಮಾಧಾನದ ಸಮಯ ಕೊಡುತ್ತಾರಲ್ಲ, ಅದರ ಮೊದಲ ಎರಡು ನಿಮಿಷ ಪತ್ರಿಕೆಯನ್ನೇ ಮುಟ್ಟದೆ ಹೀಗೆ ಉಸಿರು ಬಿಡಲು ಮಕ್ಕಳಿಗೆ ಈಗಲೇ ಅಭ್ಯಾಸ ಮಾಡಿಸಿ. ಆ ದಿನ ಬೆಳಗ್ಗೆ ಮನೆಯ ಬಾಗಿಲಲ್ಲಿ ನಿಂತು ನಮ್ಮ ಮಾನ ನಿನ್ನ ಕೈಯಲ್ಲಿದೆ ಎಂದು ಹೇಳಿ ಕಳುಹಿಸುವುದನ್ನು ದಯವಿಟ್ಟು ಬಿಡಿ. ನಿಮ್ಮ ಮಾನ ಬೇರೆ ಎಲ್ಲಿಯಾದರೂ ಭದ್ರವಾಗಿರಲಿ.

ಇನ್ನು ಊಟದ ವಿಷಯ. ಮಕ್ಕಳ ಮೆದುಳು ದೊಡ್ಡವರದಕ್ಕಿಂತ ಹೊಟ್ಟೆಬಾಕ. 1957ರಲ್ಲಿ ಸೊಕೊಲೋಫ್ ಮತ್ತು ಕೆನಡಿ ಸುಮಾರು ಆರು ವರ್ಷದ ಮಕ್ಕಳಲ್ಲಿ ಅಳೆದಾಗ 100 ಗ್ರಾಂ ಮೆದುಳಿಗೆ ನಿಮಿಷಕ್ಕೆ ಸುಮಾರು 100 ಮಿಲಿಲೀಟರ್ ರಕ್ತ ಹರಿಯುತ್ತಿತ್ತು, ದೊಡ್ಡವರಲ್ಲಿ ಅದು 50ರಿಂದ 60. 2014ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ ಐದು ವರ್ಷದ ಆಸುಪಾಸಿನಲ್ಲಿ ದೇಹದ ದಿನದ ಒಟ್ಟು ಶಕ್ತಿಯಲ್ಲಿ ನೂರಕ್ಕೆ 43 ಪಾಲು ಮೆದುಳಿಗೇ ಹೋಗುತ್ತದೆ. ಬಾಲವಾಡಿಗೆ, ಒಂದನೆಯ ತರಗತಿಗೆ ಮಗುವನ್ನು ಬರಿಯ ಒಂದು ಲೋಟ ಚಾ ಕುಡಿಸಿ ಕಳುಹಿಸುವವರು ಇದನ್ನು ಯೋಚಿಸಬೇಕು. ಬೆಳಗಿನ ಅಸೆಂಬ್ಲಿಯಲ್ಲಿ ಬೀಳುವ ಮಕ್ಕಳಲ್ಲಿ ಖಾಲಿ ಹೊಟ್ಟೆಯಲ್ಲಿ ಬಂದವರೇ ಹೆಚ್ಚು. ಅಲುಗದೆ ನಿಂತಾಗ ರಕ್ತ ಕಾಲಿನಲ್ಲಿ ಇಳಿದು ನಿಲ್ಲುತ್ತದೆ. ಬಿದ್ದ ಮಗುವನ್ನು ಎತ್ತಿ ಕೂರಿಸಬೇಡಿ, ಮಲಗಿಸಿ ಕಾಲನ್ನು ಎತ್ತರದಲ್ಲಿಡಿ, ಮೆದುಳಿಗೆ ರಕ್ತ ತಾನೇ ಬರುತ್ತದೆ.

ಕೊನೆಗೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ತೂಬು ಎಷ್ಟೇ ಚೆನ್ನಾಗಿ ತೆರೆದರೂ ಬರುವ ನೀರಿನಲ್ಲಿ ಸತ್ತ್ವ ಬೇಕಲ್ಲ. ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್, ಅದಕ್ಕೆ ಬೇಕು ಕಬ್ಬಿಣದ ಅಂಶ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು. ಕೇರಳದಲ್ಲಿ ಈ ಪಾಲು ಕಡಿಮೆ, ಆದರೂ ನಮ್ಮ ತರಗತಿಗಳಲ್ಲಿ ಬಿಳಚಿದ ಮುಖಗಳಿಗೆ ಕೊರತೆ ಇಲ್ಲ. ರಕ್ತ ತೆಳುವಾದಾಗ ಮೆದುಳು ಅಪಧಮನಿಗಳನ್ನು ಹಿಗ್ಗಿಸಿ, ಹೆಚ್ಚು ರಕ್ತ ಹರಿಸಿ ಸರಿದೂಗಿಸಲು ನೋಡುತ್ತದೆ. ಆ ಹುಡುಗಿಗೆ ಸುಮ್ಮನೆ ಕೂತಾಗಲೇ ತೂಬು ಸ್ವಲ್ಪ ತೆರೆದಿರುತ್ತದೆ, ಎದೆ ಬಡಿದುಕೊಳ್ಳುತ್ತಿರುತ್ತದೆ. ಲೆಕ್ಕ ಬಂದಾಗ ಇನ್ನೆಷ್ಟು ತೆರೆದೀತು? ಗಮನ ಕೊಡುವುದಿಲ್ಲ, ಮಂಕು ಎಂದು ನಾವು ಶಿಕ್ಷಕರು ವರದಿ ಬರೆಯುತ್ತೇವೆ, ಮನೆಯಲ್ಲಿ ಪೆಟ್ಟು ಬೀಳುತ್ತದೆ. ಅವಳಿಗೆ ಬೇಕಾದ್ದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಹನಿ ರಕ್ತದ ಪರೀಕ್ಷೆ. 12 ವರ್ಷ ದಾಟಿದ ಹುಡುಗಿಗೆ ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆ ಇರಬಾರದು, 5ರಿಂದ 11 ವರ್ಷದ ಮಕ್ಕಳಿಗೆ 11.5.

ವಯನಾಡು, ನೀಲಗಿರಿಯ ಓದುಗರಿಗೆ ಒಂದು ಮಾತು ಬೇರೆ ಹೇಳಬೇಕು. ಅಲ್ಲಿನ ಕೆಲವು ಸಮುದಾಯಗಳಲ್ಲಿ ಸಿಕಲ್ ಸೆಲ್ ರೋಗ, ಅಂದರೆ ಕೆಂಪು ರಕ್ತಕಣಗಳು ಕುಡಗೋಲಿನ ಆಕಾರಕ್ಕೆ ತಿರುಗುವ ಆನುವಂಶಿಕ ರೋಗ ಇದೆ. ಈ ಮಕ್ಕಳ ಬಿಳಚಿಕೆ ಕಬ್ಬಿಣದ ಮಾತ್ರೆಯಿಂದ ಹೋಗುವಂತಹದಲ್ಲ, ವೈದ್ಯರು ಹೇಳದೆ ಕೊಡಲೂಬಾರದು. ಅವರ ಮೆದುಳಿನ ಅಪಧಮನಿಗಳು ಕಿರಿದಾಗುತ್ತ ಬಂದು ಪುಟ್ಟ ವಯಸ್ಸಿನಲ್ಲೇ ಪಾರ್ಶ್ವವಾಯು ಬಡಿಯಬಹುದು. ತಲೆಯ ಪಕ್ಕಕ್ಕೆ ಶಬ್ದತರಂಗದ ಡಾಪ್ಲರ್ ಉಪಕರಣ ಇಟ್ಟು ರಕ್ತದ ವೇಗ ಅಳೆದು, ಸೆಕೆಂಡಿಗೆ 200 ಸೆಂಟಿಮೀಟರಿಗಿಂತ ಹೆಚ್ಚಿದ್ದ ಮಕ್ಕಳಿಗೆ ನಿಯಮಿತವಾಗಿ ರಕ್ತ ಕೊಟ್ಟರೆ ಅಪಾಯ ಹತ್ತರಲ್ಲಿ ಒಂಬತ್ತು ಪಾಲು ತಗ್ಗುತ್ತದೆ ಎಂದು 1998ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗ ತೋರಿಸಿದೆ. ಮನೆತನದಲ್ಲಿ ಈ ರೋಗ ಇದ್ದರೆ ಶಾಲೆಗೆ ತಿಳಿಸಿ. ಅದರಲ್ಲಿ ನಾಚಿಕೆಪಡುವಂತಹದು ಏನೂ ಇಲ್ಲ.

ಉಳಿದವರಿಗೆ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆ ಇದೆ. 10ರಿಂದ 19 ವರ್ಷದವರಿಗೆ ನೀಲಿ, ಅದಕ್ಕಿಂತ ಸಣ್ಣ ಮಕ್ಕಳಿಗೆ ಗುಲಾಬಿ ಬಣ್ಣದ್ದು. ಇಪ್ಪತ್ತು ಮಾತ್ರೆ ಹಂಚಿದರೆ ಸಂಜೆ ಗುಡಿಸುವಾಗ ಐದಾರು ಬೆಂಚಿನ ಅಡಿಯಲ್ಲಿ ಸಿಗುತ್ತವೆ. ಅಮ್ಮ ಬೇಡ ಹೇಳಿದ್ದಾರೆ ಟೀಚರ್ ಎನ್ನುತ್ತಾರೆ. ನೂರಾರು ರೂಪಾಯಿಯ ಬುದ್ಧಿಯ ಟಾನಿಕ್ ತರುವ ಮನೆಯಲ್ಲೇ ಈ ಮಾತ್ರೆಯ ಮೇಲೆ ಅಪನಂಬಿಕೆ! ಹೊಟ್ಟೆ ತೊಳಸುತ್ತದೆ ಎಂಬುದು ನಿಜ, ಖಾಲಿ ಹೊಟ್ಟೆಯಲ್ಲಿ ನುಂಗಿದರೆ. ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ, ದೇಹ ಹೀರಿಕೊಳ್ಳದೆ ಉಳಿದ ಕಬ್ಬಿಣದ ಬಣ್ಣ ಅದು. ಊಟದ ಹಿಂದೆಯೇ ಚಾ ಕುಡಿದರೆ ಕಬ್ಬಿಣ ಹೀರುವುದು ಕಡಿಮೆಯಾಗುತ್ತದೆ, ಹುಳಿ ಹಣ್ಣು ತಿಂದರೆ ಹೆಚ್ಚಾಗುತ್ತದೆ. ಆದುದರಿಂದ ಮಾತ್ರೆ ಕೊಡುವ ದಿನ ಬುತ್ತಿಯಲ್ಲಿ ಒಂದು ನೆಲ್ಲಿಕಾಯಿಯನ್ನೋ ಅರ್ಧ ಪೇರಳೆಯನ್ನೋ ಹಾಕಿ ಕಳುಹಿಸಿ. ಮಧ್ಯಾಹ್ನದೂಟ ಮುಗಿದ ಮೇಲೆ ನಮ್ಮೆದುರಿಗೇ ನುಂಗಿಸುವ ಕೆಲಸ ನಮ್ಮದು.